ಮೋಡದೊಳಗಿನ ಹಿಮವನ್ನು ಮೈಕ್ರೋವೇವ್‌ನಲ್ಲಿ ಹುಡುಕಿದ್ದು

ಮಳೆಗಾಲದ ಬಂಗಾಳ ಕೊಲ್ಲಿಯ ಉಪಗ್ರಹ ಚಿತ್ರ ತೆರೆದರೆ ಬರೀ ಬಿಳಿ. ಇನ್‌ಫ್ರಾರೆಡ್‌ನಲ್ಲೂ ದಟ್ಟ ಮೋಡದ ನೆತ್ತಿ ಮಾತ್ರ ಕಾಣುತ್ತದೆ. ಒಳಗಿನ ಹಿಮ ನೋಡಬೇಕಾದರೆ ಮೈಕ್ರೋವೇವ್ ಬೇಕು.

ನಾನು ಬಳಸಿದ್ದು ಮಳೆ ಅಳೆಯುವ ಜಿಪಿಎಂ ಉಪಗ್ರಹದಲ್ಲಿರುವ ಜಿಎಂಐ ಎಂಬ ಮೈಕ್ರೋವೇವ್ ಉಪಕರಣದ ಡೇಟಾ. ನಾಸಾ ಮತ್ತು ಜಪಾನಿನ ಜಾಕ್ಸಾ ಸೇರಿ 2014ರಲ್ಲಿ ಹಾರಿಸಿದ ಉಪಗ್ರಹ ಅದು. ಡೇಟಾ ಉಚಿತ, ಖಾತೆ ತೆರೆದರೆ ಸಾಕು. ಇಸ್ರೋ ಮತ್ತು ಫ್ರಾನ್ಸ್ ಜೊತೆಯಾಗಿ ಕಳಿಸಿದ ಮೇಘಾ-ಟ್ರಾಪಿಕ್ಸ್ ಉಪಗ್ರಹದ ಸಫೀರ್ ಉಪಕರಣ ಕೂಡ ಒಳ್ಳೆಯದೇ ಆಗಿತ್ತು, ಆದರೆ ಅದರ ಆರೂ ಚಾನೆಲ್‌ಗಳು 183 ಗಿಗಾಹರ್ಟ್ಸ್ ಸುತ್ತಲೇ ಇದ್ದವು. ನನಗೆ 166 ಗಿಗಾಹರ್ಟ್ಸ್‌ನಲ್ಲಿ ವಿ (ನೆಟ್ಟಗೆ ಕಂಪಿಸುವ ಅಲೆ), ಎಚ್ (ಅಡ್ಡಡ್ಡ ಕಂಪಿಸುವ ಅಲೆ) ಎರಡೂ ಬೇಕಿತ್ತು.

ಫೈಲ್‌ನಲ್ಲಿ ಎಸ್1, ಎಸ್2 ಅಂತ ಎರಡು ಭಾಗ. 166 ಮತ್ತು 183 ಇರುವುದು ಎಸ್2ರಲ್ಲಿ. ಡೇಟಾ ಇಲ್ಲದ ಕಡೆ -9999.9 ಅಂತ ತುಂಬಿರುತ್ತಾರೆ. ಅದನ್ನು ಮೊದಲೇ ತೆಗೆಯಿರಿ, ಇಲ್ಲದಿದ್ದರೆ ಸರಾಸರಿ ಎಕ್ಕುಟ್ಟಿ ಹೋಗುತ್ತೆ.

ಕೆಳಗಿನಿಂದ ಬರುವ ಬೆಚ್ಚನೆಯ ವಿಕಿರಣವನ್ನು ಹಿಮದ ಹರಳುಗಳು ಹೀರಿಕೊಳ್ಳುವುದಕ್ಕಿಂತ ಅತ್ತಿತ್ತ ಚದುರಿಸುವುದೇ ಜಾಸ್ತಿ. ಉಪಗ್ರಹಕ್ಕೆ ತಲುಪುವುದು ಕಡಿಮೆಯಾಗಿ ಆ ಜಾಗ ತಣ್ಣಗೆ ಕಾಣುತ್ತದೆ. ಹಾಗಾಗಿ ಉಪಗ್ರಹಕ್ಕೆ ಕಾಣುವ ತಾಪಮಾನ ಸುತ್ತ 270-280 ಕೆಲ್ವಿನ್ ಇದ್ದರೆ, ದೊಡ್ಡ ಗುಡುಗು ಮೋಡದ ಮೇಲೆ 150ಕ್ಕೂ ಕೆಳಗೆ ಇಳಿಯಬಹುದು. ತುಂಬಾ ಎತ್ತರದಲ್ಲಿ ಎಳೆ ಎಳೆಯಾಗಿರುವ ತೆಳು ಸಿರಸ್ ಮೋಡ ಮಾತ್ರ ಇದಕ್ಕೆ ಸಿಗುವುದಿಲ್ಲ, ಅದರ ಹರಳುಗಳು ತೀರಾ ಚಿಕ್ಕವು.

ಎಲ್ಲರೂ ಈ ತಂಪನ್ನಷ್ಟೇ ನೋಡಿ ನಿಲ್ಲಿಸುತ್ತಾರೆ. ನನಗೆ ಅದಕ್ಕಿಂತ ರುಚಿಸಿದ್ದು ವಿಯಿಂದ ಎಚ್ ಕಳೆದಾಗ ಉಳಿಯುವ ಸಂಖ್ಯೆ. ಗುಡುಗು ಮೋಡದಿಂದ ಪಕ್ಕಕ್ಕೆ ಹರಡಿದ ಭಾಗದಲ್ಲಿ ಅದು 10 ಕೆಲ್ವಿನ್ ಆಸುಪಾಸಿಗೆ ಏರುತ್ತದೆ. ಅಲ್ಲಿ ಚಪ್ಪಟೆ ಹರಳುಗಳು ಒಣಗಿದ ಎಲೆಯಂತೆ ಮಲಗಿಕೊಂಡೇ ಇಳಿಯುತ್ತವೆ, ಎಚ್ ಹೆಚ್ಚು ಚದುರುತ್ತದೆ. ಮೋಡದ ನಟ್ಟನಡುವೆ, ಅತಿ ತಣ್ಣಗಿರುವ ಕಡೆ, ವ್ಯತ್ಯಾಸ ಮತ್ತೆ ಕುಸಿಯುತ್ತದೆ. ಅಲ್ಲಿನ ಗಾಳಿಯ ಏರಿಳಿತಕ್ಕೆ ಹರಳುಗಳು ಉರುಳಾಡುತ್ತವೆ, ಉಂಡೆಯಾದ ಹಿಮವೂ ಜಾಸ್ತಿ. ತಂಪನ್ನು ಒಂದು ಅಕ್ಷದಲ್ಲಿ, ವ್ಯತ್ಯಾಸವನ್ನು ಇನ್ನೊಂದರಲ್ಲಿ ಹಾಕಿದರೆ ಗುಡ್ಡದಂಥ ಗೆರೆ ಬರುತ್ತದೆ. ಒಂದೇ ಚಾನೆಲ್‌ನ ನಕ್ಷೆಯಲ್ಲಿ ಇದು ಕಾಣುತ್ತಾ? ಇಲ್ಲವೇ ಇಲ್ಲ.

ಚಳಿಗಾಲದ ಲಡಾಖ್, ಟಿಬೆಟ್ ಕಡೆ ಹೋದರೆ ಹುಷಾರು. ಒಣ ಗಾಳಿಯಲ್ಲಿ ನೀರಾವಿ ಕಡಿಮೆ, 183 ಕೂಡ ನೆಲದವರೆಗೆ ನೋಡಿಬಿಡುತ್ತದೆ. ನೆಲದ ಮೇಲಿನ ಹಿಮವೂ ಮೋಡದ ಹಿಮದಂತೆಯೇ ತಣ್ಣಗೆ ತೋರುತ್ತದೆ. ನಾನಂತೂ ಆ ತಿಂಗಳುಗಳಲ್ಲಿ ಎತ್ತರದ ಪ್ರದೇಶಗಳನ್ನು ಲೆಕ್ಕದಿಂದಲೇ ಬಿಟ್ಟೆ.