ಏಜೆನ್ಸಿ ಇಲ್ಲದೆ ಚೋಕೆಕಿರಾವ್: ನನ್ನ ದಾರಿ, ನನ್ನ ಲೆಕ್ಕ

ಪೆರುವಿನ ಬೆಟ್ಟದ ಮೇಲಿರುವ ಇಂಕಾ ಕಾಲದ ಪಾಳೂರು ಚೋಕೆಕಿರಾವ್‌ಗೆ ಏಜೆನ್ಸಿ ಇಲ್ಲದೆ, ಟೆಂಟ್ ಇಲ್ಲದೆ, ಮಾಂಸ ಮುಟ್ಟದೆ ಹೋಗಿ ಬರುತ್ತೇನೆ ಅಂದಾಗ ನಮ್ಮ ಟ್ರೆಕ್ಕಿಂಗ್ ಗುಂಪಿನಲ್ಲಿ ನಕ್ಕವರೇ ಜಾಸ್ತಿ. ಐವತ್ತು ದಾಟಿದ ಮಂಡಿ, ನಾಲ್ಕೇ ನಾಲ್ಕು ಪದ ಸ್ಪ್ಯಾನಿಷ್, ಇದೆಲ್ಲ ಆಗೋ ಮಾತಾ ಅಂದರು. ಆಯಿತು. ಖರ್ಚು ಕೂಡ ಏಜೆನ್ಸಿ ಕೇಳಿದ್ದರ ಅರ್ಧದಲ್ಲಿ ಮುಗಿಯಿತು. ಅದಕ್ಕೇ ಬರೆಯುತ್ತಿದ್ದೇನೆ.

ಶೂ, ಕೋಲು, ನೀರಿನ ಮಾತ್ರೆ ಎಲ್ಲ ನಿಮಗೆ ಗೊತ್ತಿರುವುದೇ. ವೀಸಾ ಬಗ್ಗೆ ಒಂದು ಮಾತು: ನಮ್ಮ ಪಾಸ್‌ಪೋರ್ಟ್‌ನಲ್ಲಿ ಅಮೆರಿಕದ ವೀಸಾ ಇದ್ದು, ಅದಕ್ಕೆ ಇನ್ನೂ ಆರು ತಿಂಗಳಾದರೂ ಅವಧಿ ಇದ್ದರೆ ಪೆರುವಿಗೆ ಬೇರೆ ವೀಸಾ ಬೇಡ. ನಾನು ಹಾಗೇ ಹೋದೆ. ಎತ್ತರಕ್ಕೂ ಹೆದರಬೇಕಾಗಿಲ್ಲ. ನಾವು ಹೊರಡುವ ಕುಸ್ಕೋ ಊರೇ 3,400 ಮೀಟರ್ ಮೇಲಿದೆ, ಚೋಕೆಕಿರಾವ್ 3,000 ಚಿಲ್ಲರೆ. ಕುಸ್ಕೋದಲ್ಲಿ ನಿದ್ದೆ ಬಂದರೆ ಮುಂದೆಯೂ ಬರುತ್ತದೆ.

ಸುಸ್ತು ಮಾಡುವುದು ಅಪುರಿಮಾಕ್ ಕಣಿವೆ. ಕಪುಲಿಯೋಕ್‌ನಲ್ಲಿ 2,900 ಮೀಟರ್‌ನಿಂದ ಇಳಿಯಲು ಶುರು ಮಾಡಿದರೆ ನದಿ ದಡದ ಪ್ಲಾಯಾ ರೊಸಲಿನಾ 1,500ರ ಆಸುಪಾಸು. ಸೇತುವೆ ದಾಟಿ ಆ ಕಡೆಯ ಮರಾಂಪಾಟಾ ಹಳ್ಳಿಗೆ ಮತ್ತೆ ಅಷ್ಟೇ ಹತ್ತಬೇಕು. ಕುಮಾರ ಪರ್ವತ ಇಳಿದು, ಉಸಿರು ಬಿಡದೆ ಇನ್ನೊಂದು ಕುಮಾರ ಪರ್ವತ ಹತ್ತಿದ ಹಾಗೆ. ವಾಪಸ್ ಬರುವಾಗಲೂ ಅದೇ ಕಥೆ.

ಮೊದಲ ಸಲ ಏಜೆನ್ಸಿ ಜೊತೆಗೇ ಹೋಗಿದ್ದೆ, ಮಾರ್ಚ್‌ನಲ್ಲಿ. ಮಳೆ ಬಿಡಲಿಲ್ಲ, ಮುಂದೆ ದಾರಿ ಕುಸಿದಿದೆ ಅಂತ ಇಳಿಜಾರಿನ ನಡುವೆ ತಂಗುವ ಜಾಗ ಚಿಕಿಸ್ಕಾದಿಂದಲೇ ವಾಪಸ್ ಕರೆತಂದರು. ಸುಮಾರು 450 ಡಾಲರ್ ಕೊಟ್ಟಿದ್ದೆ, ಒಂದು ಪೈಸೆ ವಾಪಸ್ ಬರಲಿಲ್ಲ. ಎರಡನೇ ಸಲ ಒಣ ಹವೆಯ ತಿಂಗಳಲ್ಲೇ ಹೋದೆ. ಆದರೆ ಕುಸ್ಕೋದ ಒಬ್ಬ ದಲ್ಲಾಳಿಗೆ ಹೇಸರಗತ್ತೆಗೆ ಅಂತ 150 ಸೋಲ್ (ಪೆರುವಿನ ಹಣ) ಮುಂಗಡ ಕೊಟ್ಟಿದ್ದೆ. ದಾರಿ ಶುರುವಾಗುವ ಕಾಚೋರಾ ಊರಿನಲ್ಲಿ ಬೆಳಗ್ಗೆ ಕಾದಿದ್ದೇ ಬಂತು, ಹೇಸರಗತ್ತೆಯೂ ಇಲ್ಲ, ಮನುಷ್ಯನೂ ಇಲ್ಲ. ಫೋನ್ ಎತ್ತಲಿಲ್ಲ ಪುಣ್ಯಾತ್ಮ. ಕೊನೆಗೆ ಉಳಿದುಕೊಂಡಿದ್ದ ಮನೆಯ ಅಮ್ಮ ಪಕ್ಕದ ಮನೆಯ ಹುಡುಗನನ್ನೇ ಕರೆದು ಕೊಟ್ಟರು. ಹೇಸರಗತ್ತೆಗೆ ಐವತ್ತು, ಅವನಿಗೆ ಅರವತ್ತು ಸೋಲ್, ದಿನಕ್ಕೆ. ಅವನು ವಾಪಸ್ ಬರುವ ದಿನದ್ದೂ ಸೇರಿಸಿ ಕೊಡಬೇಕು, ಅದು ಅಲ್ಲಿನ ಪದ್ಧತಿ, ಚೌಕಾಸಿ ಮಾಡಬೇಡಿ.

ನನ್ನ ವಿಧಾನ ಇಷ್ಟೇ. ಮಧ್ಯಾಹ್ನ ಬಿಸಿಲು ಇಳಿದ ಮೇಲೆ ಕಪುಲಿಯೋಕ್ ಬಿಟ್ಟು ಚಿಕಿಸ್ಕಾದಲ್ಲಿ ಮಲಗಿದೆ. ನಸುಕಿನ ಮೂರೂವರೆಗೆ ತಲೆಗೆ ಟಾರ್ಚ್ ಕಟ್ಟಿಕೊಂಡು ಹೊರಟು, ನದಿ ದಾಟಿ, ಬಿಸಿಲು ಆ ಕಡೆಯ ಗೋಡೆಗೆ ಬೀಳುವ ಮೊದಲೇ ಅರ್ಧ ಏರು ಮುಗಿಸಿದೆ. ಹತ್ತು ಗಂಟೆ ಸುಮಾರಿಗೆ ಮರಾಂಪಾಟಾ. ಅಲ್ಲಿನ ಮನೆಗಳಲ್ಲೇ ಜಾಗ, ಊಟ ಎರಡೂ ಸಿಗುತ್ತವೆ. ಟೆಂಟ್ ಹೊರುವವರು ಯಾಕೆ ಹೊರುತ್ತಾರೋ ನನಗಂತೂ ಗೊತ್ತಾಗಲಿಲ್ಲ. ಹೇಸರಗತ್ತೆಯ ಹುಡುಗನನ್ನು ಅಲ್ಲಿಂದಲೇ ವಾಪಸ್ ಕಳಿಸಿ ಎರಡು ರಾತ್ರಿ ಉಳಿದೆ. ಹಿಂದಿರುಗುವಾಗ ಬೇರೊಂದು ಹೇಸರಗತ್ತೆ ಅರ್ಧ ದರಕ್ಕೆ ಸಿಕ್ಕಿತು. ಹೇಗೆ ಅಂತ ಇಲ್ಲಿ ಬರೆಯಲ್ಲ, ಬರೆದರೆ ಆ ದರ ಉಳಿಯಲ್ಲ.

ಊಟದ್ದೇ ದೊಡ್ಡ ಪ್ರಯೋಗ. ಕುಸ್ಕೋದ ಸ್ಯಾನ್ ಪೆದ್ರೋ ಮಾರ್ಕೆಟ್‌ನಲ್ಲಿ ಹುರಿದ ಬಾರ್ಲಿ ಹಿಟ್ಟು ಸಿಗುತ್ತದೆ, ಮಾಚ್ಕಾ ಅಂತಾರೆ. ಥೇಟ್ ನಮ್ಮ ಹುರಿಹಿಟ್ಟು. ಚಾಂಕಾಕಾ ಅಂತ ಬೆಲ್ಲದ ಅಚ್ಚೂ ಅಲ್ಲೇ ಇದೆ. ಎರಡನ್ನೂ ಬಿಸಿನೀರಿನಲ್ಲಿ ಕಲಸಿದರೆ ಬೆಳಗಿನ ಏರು ಪೂರ್ತಿ ಹಸಿವಿಲ್ಲ. ಅರಳಿಸಿದ ರಾಜಗಿರಿ ಬೆರೆಸಿ ಉಂಡೆ ಕಟ್ಟಿ ನೋಡಿದೆ, ಹೇಸರಗತ್ತೆ ಬೆನ್ನ ಮೇಲೆ ಪುಡಿಪುಡಿ. ರಾತ್ರಿ ಆಲೂಗಡ್ಡೆ, ಬೇಯಿಸಿದ ಜೋಳ, ಅನ್ನ, ಜೊತೆಗೆ ನನ್ನ ಚಟ್ನಿಪುಡಿ. ಸಾರು ಕೊಟ್ಟರೆ ಕೋಳಿಯದ್ದಾ ಅಂತ ಕೇಳಿ ಕುಡಿಯಿರಿ.

ಇನ್ನೊಂದು ಪ್ರಯೋಗ ಸೋತಿತು. ನದಿ ದಡದಲ್ಲಿ ಸಾಸಿವೆಯಷ್ಟು ಚಿಕ್ಕ ನೊಣಗಳಿವೆ, ಕಚ್ಚಿದರೆ ವಾರ ತುರಿಕೆ. ಕೊಬ್ಬರಿ ಎಣ್ಣೆಗೆ ಬೇವಿನೆಣ್ಣೆ ಬೆರೆಸಿ ಒಂದು ಕಾಲಿಗೆ, ಅಂಗಡಿಯ ಔಷಧ ಇನ್ನೊಂದು ಕಾಲಿಗೆ ಹಚ್ಚಿದೆ. ಎರಡೂ ಕಾಲಿಗೆ ಕಚ್ಚಿದವು, ಬೇವಿನ ಕಾಲಿಗೆ ಸ್ವಲ್ಪ ಜಾಸ್ತಿನೇ. ಮೊಣಕಾಲವರೆಗಿನ ಕಾಲುಚೀಲ ಒಂದೇ ಕೆಲಸ ಮಾಡಿದ್ದು.

ಜಾಗದ ಬಗ್ಗೆ ಹೇಳಲೇಬೇಕು. ಟಿಕೆಟ್ 60 ಸೋಲ್. ಅಮೆರಿಕದ ಅನ್ವೇಷಕ ಹಿರಮ್ ಬಿಂಗಮ್ 1909ರಲ್ಲಿ ಇಲ್ಲಿಗೆ ಬಂದ, ಮಾಚು ಪಿಚು ಕಂಡದ್ದು ಅದಾಗಿ ಎರಡು ವರ್ಷಕ್ಕೆ. ಅಲ್ಲಿನ ಹಾಗೆ ಚೊಕ್ಕವಾಗಿ ಕೆತ್ತಿ ಜೋಡಿಸಿದ ಕಲ್ಲು ಇಲ್ಲಿ ಹುಡುಕಬೇಡಿ. ಇದು ಪದರ ಪದರವಾಗಿ ಸೀಳುವ ಕಲ್ಲು, ಮಣ್ಣಿನ ಗಾರೆಯಲ್ಲಿ ಕಟ್ಟಿದ್ದಾರೆ. ಇನ್ನೂ ಅರ್ಧಕ್ಕಿಂತ ಹೆಚ್ಚು ಭಾಗ ಕಾಡಿನಡಿಯಲ್ಲೇ ಇದೆ. ಅಂಗಳದ ಮೇಲೆ ಒಂದು ಗುಡ್ಡದ ತಲೆಯನ್ನೇ ಸಮತಟ್ಟು ಮಾಡಿದ್ದಾರೆ, ಅಲ್ಲಿ ನಿಂತರೆ ನದಿ ದಾರದಷ್ಟು ಕಾಣುತ್ತದೆ. ಆದರೆ ನಾನು ಹೋದದ್ದೇ ಲಾಮಾ (ಅಲ್ಲಿನ ಒಂಟೆ ಜಾತಿಯ ಪ್ರಾಣಿ) ಮೆಟ್ಟಿಲುಗದ್ದೆಗಳಿಗೆ. ಕಪ್ಪು ಗೋಡೆಯಲ್ಲಿ ಬಿಳಿ ಕಲ್ಲು ಕೂರಿಸಿ ಮಾಡಿದ ಲಾಮಾಗಳು, ಎರಡು ಡಜನ್ ಇರಬಹುದು, ಮರಿಯೂ ಇದೆ. ಅಂಗಳದಿಂದ ಕಡಿದಾಗಿ ಇಳಿಯಬೇಕು, ಹತ್ತಿ ಬರಲು ಇಳಿದದ್ದರ ಎರಡರಷ್ಟು ಹೊತ್ತು. ಹೆಚ್ಚಿನ ಏಜೆನ್ಸಿ ಗುಂಪುಗಳು ಬೆಳಗ್ಗೆ ಓಡಿಬಂದು ಫೋಟೋ ಹೊಡೆದು ಓಡುತ್ತವೆ. ಎರಡು ರಾತ್ರಿ ಉಳಿದವನಿಗೆ ಮಧ್ಯಾಹ್ನದ ಮೇಲಿನ ಬಿಸಿಲು ಸಿಗುತ್ತದೆ. ಯಾವ ಗಂಟೆಯಲ್ಲಿ ಅಲ್ಲಿ ಒಬ್ಬರೂ ಇರುವುದಿಲ್ಲ ಅನ್ನೋದು ನನಗೇ ಇರಲಿ.

ಎಲ್ಲ ಸೇರಿ, ಕುಸ್ಕೋದಿಂದ ಹೋಗಿ ಬರುವ ಶೇರ್ ಕಾರು ಹಿಡಿದು, 850 ಸೋಲ್ ಒಳಗೆ ಮುಗಿಯಿತು, ಅಂದರೆ ಇಪ್ಪತ್ತು ಸಾವಿರ ರೂಪಾಯಿ ಆಸುಪಾಸು. ದಲ್ಲಾಳಿ ನುಂಗಿದ್ದು ಬೇರೆ. ಅಲ್ಲಿಗೆ ಕೇಬಲ್ ಕಾರ್ ಬರುತ್ತೆ ಅಂತ ಎಷ್ಟೋ ವರ್ಷದಿಂದ ಮಾತು ನಡೆದಿದೆ, ಬಂದರೆ ಈ ಲೆಕ್ಕವೆಲ್ಲ ತಲೆಕೆಳಗು. ಅಷ್ಟರೊಳಗೆ ಯನಾಮಾ ಹಳ್ಳಿಯ ಮೇಲಿಂದ ಮಾಚು ಪಿಚು ಕಡೆಗೆ ದಾಟುವ ಆಸೆ ಇದೆ. ಆ ದಾರಿಯಲ್ಲಿ ಹೋದವರು ಯಾರಾದರೂ ಇದ್ದರೆ ಹೇಸರಗತ್ತೆಗೆ ಎಷ್ಟು ಕೊಟ್ಟಿರಿ ಅಂತ ಹೇಳಿ.