ಪುತಳಿ ಸರ ಬಿಟ್ಟು ಕಿನ್ನಾಳದ ಗಿಳಿ ಹಾಕಿಕೊಂಡೆ

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟಿನ ಚೈನ್ ಕಿತ್ತುಹೋಯಿತು. ಗೇಟೇ ಕೊಚ್ಚಿಕೊಂಡು ಹೋಯಿತು. ಮರುದಿನದಿಂದ ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ನಾಲ್ಕು ಮಾತು ಆಡಬಲ್ಲವರಿಗೆಲ್ಲ ಟಿವಿಯವರ ಫೋನು. ನಾನು ಗಂಗಾವತಿಯಲ್ಲಿ ಅರ್ಥಶಾಸ್ತ್ರ ಪಾಠ ಮಾಡುವವಳು. ಕಾಲುವೆ ನೀರು, ಭತ್ತದ ಬೆಲೆ ಅಂತ ಆಗಾಗ ಏನಾದರೂ ಬರೆಯುತ್ತಿದ್ದೆ. ಅಷ್ಟಕ್ಕೇ ನನ್ನನ್ನೂ ಕರೆದರು.

ಮೊದಲ ಸಲ ಟಿವಿಯಲ್ಲಿ ಬರೋದು, ಸುಮ್ನೆ ಹೋಗೋಕಾಗುತ್ತಾ? ಅತ್ತೆಯವರ ಪುತಳಿ ಸರ ಬೀರುವಿನಿಂದ ಹೊರಗೆ ಬಂತು. ಕಾಸಿನಂಥ ಬಿಲ್ಲೆಗಳು ಒಂದರ ಮೇಲೊಂದು ಕೂತಿರುವ ಹಳೇ ಸರ. ಡ್ಯಾಮಿನ ಪಕ್ಕದ ಮುನಿರಾಬಾದ್ ಹತ್ತಿರ ನಿಲ್ಲಿಸಿ, ಸೆರಗಿನ ಅಂಚಿಗೆ ಕಾಲರ್ ಮೈಕ್ ಸಿಕ್ಕಿಸಿದರು. ನಾನು ಎರಡು ವಾಕ್ಯ ಆಡಿರಬೇಕು. ಹೆಡ್‌ಫೋನ್ ಹಾಕಿಕೊಂಡಿದ್ದ ಕ್ಯಾಮೆರಾ ಹುಡುಗ ಕೈ ಎತ್ತಿದ.

"ಮೇಡಂ, ನೀವು ಮಾತಾಡಿದಾಗೊಮ್ಮೆ ಎತ್ತಿನ ಗೆಜ್ಜಿ ಸಪ್ಪಳ ಬರಾಕತ್ತೈತ್ರಿ."

ಕಾಲರ್ ಮೈಕ್‌ಗೆ ನಿಮ್ಮ ಮಾತು ಯಾವುದು, ಸರ ಯಾವುದು ಅಂತ ಗೊತ್ತಿಲ್ಲ. ಬಾಯಿಗಿಂತ ಹತ್ತಿರ ಇರೋದು ಸರ. ಉಸಿರು ತಗೊಂಡರೆ ಎದೆ ಏಳುತ್ತೆ, ಬಿಲ್ಲೆ ಬಿಲ್ಲೆಗೆ ತಾಗುತ್ತೆ, ಆ ಸದ್ದು ನೇರ ಮೈಕಿಗೆ. ಸರ ಬಿಚ್ಚಿ ಕೈಚೀಲಕ್ಕೆ ಹಾಕಿದೆ. ಗೇಟಿನ ಚೈನ್ ಬಗ್ಗೆ ಮಾತಾಡಲು ಹೋಗಿ ನನ್ನ ಚೈನೇ ಅಡ್ಡ ಬಂತು ನೋಡಿ. ಮನೆಗೆ ಬಂದಾಗ ಅತ್ತೆಯವರು ಡ್ಯಾಮಿನ ವಿಷಯ ಏನೂ ಕೇಳಲಿಲ್ಲ. "ಸರ ಎಲ್ಲಿ ಹೋತು?" ಅಂದರು.

ರಾತ್ರಿ ಆ ವಿಡಿಯೋ ನೋಡಿದಾಗ ಇನ್ನೊಂದು ಗೊತ್ತಾಯಿತು. ನಮ್ಮನ್ನು ತೋರಿಸೋದು ಎದೆಯಿಂದ ಮೇಲೆ ಮಾತ್ರ. ಅದರಲ್ಲೂ ಕೆಳಗಿನ ಭಾಗವನ್ನು ಹೆಸರಿನ ಪಟ್ಟಿ, ಅದರ ಕೆಳಗೆ ಓಡುವ ಸುದ್ದಿ ನುಂಗಿಬಿಡುತ್ತವೆ. ಉದ್ದ ಹಾರ ಹಾಕಿದರೆ ಕಾಣೋದು ಎರಡು ದಾರ, ಪದಕ ಇರೋದು 'ಬ್ರೇಕಿಂಗ್ ನ್ಯೂಸ್' ಹಿಂದೆ! ಆಮೇಲಿಂದ ನಾನು ಕೈಯಿಂದಲೇ ಅಳೆಯುತ್ತೇನೆ. ಕೊರಳಿನ ಕುಳಿಯಿಂದ ನಾಲ್ಕು ಬೆರಳು ಕೆಳಗೆ ಪದಕ ಕೂರಬೇಕು. ಅದಕ್ಕಿಂತ ಕೆಳಗೆ ಬಂದರೆ ಹಾಕಿಯೂ ದಂಡ.

ಪಾಟಲಿ, ಬಿಲ್ವಾರದಂಥ ಬಳೆಗಳೆಲ್ಲ ಮೇಜಿಗೆ ಬಡಿಯುತ್ತವೆ. ಅವನ್ನು ಕೈಬಿಟ್ಟೆ. ಝುಮಕಿಯದು ಬೇರೆ ತಕರಾರು. ಆ್ಯಂಕರ್ ಮಾತು ಕೇಳಲು ಒಂದು ಕಿವಿಗೆ ಇಯರ್‌ಫೋನ್ ತುರುಕಿರುತ್ತಾರೆ. ಝುಮಕಿ ಅದರ ವೈರಿಗೆ ತಗಲಿ ಟಕ್ ಟಕ್ ಅನ್ನುತ್ತೆ, ಪ್ರಶ್ನೆಯೇ ಕೇಳಲ್ಲ. ಬಿಳಿ ಹರಳಿನ ಬೆಂಡೋಲೆ ಪ್ರಯತ್ನಿಸಿದೆ. ಲೈಟಿಗೆ ಫಳ್ ಫಳ್ ಅಂದು, ಮುಖಕ್ಕಿಂತ ಕಿವಿಯೇ ಜಾಸ್ತಿ ಕಂಡಿತು. ಕೊನೆಗೆ ಮುತ್ತಿನ ಓಲೆಗೆ ನಿಂತೆ. ಮುತ್ತು ಬೆಳಕನ್ನು ಎಸೆಯಲ್ಲ, ತನ್ನಲ್ಲೇ ಇಟ್ಟುಕೊಳ್ಳುತ್ತೆ.

ಸದ್ದು ಮಾಡಬಾರದು, ಮಿಂಚಬಾರದು, ಆದರೂ ಕಾಣಬೇಕು. ಇಂಥದ್ದು ಬಂಗಾರದಂಗಡಿಯಲ್ಲಿ ಸಿಗಲ್ಲ. ನನಗೆ ಸಿಕ್ಕಿದ್ದು ನಮ್ಮ ಜಿಲ್ಲೆಯದೇ ಊರು ಕಿನ್ನಾಳದಲ್ಲಿ. ಅಲ್ಲಿನ ಚಿತ್ರಗಾರರು ಹಗುರ ಮರ ಕೆತ್ತಿ, ಹುಣಸೆಬೀಜದ ಅಂಟು ಬಳಸಿ, ಬಣ್ಣ ಹಚ್ಚಿ ಗೌರಿ, ಗರುಡ, ಹಣ್ಣು, ಹಕ್ಕಿ ಮಾಡುವವರು. ಅಂಗೈಗಿಂತ ಚಿಕ್ಕದೊಂದು ಗಿಳಿ ಬೇಕು, ಹಿಂದೆ ದಾರಕ್ಕೆ ತೂತಿರಲಿ, ಮೇಲೆ ವಾರ್ನಿಷ್ ಬೇಡ ಅಂದೆ. ಕೆಲಸಗಾರರು ನನ್ನನ್ನೇ ನೋಡಿದರು. "ಹೊಳಪಿಲ್ಲದಿದ್ರ ಸತ್ತಂಗ ಕಾಣ್ತದ್ರೀ ಅಕ್ಕಾರ." ಟಿವಿ ಲೈಟಿನ ಕಥೆ ಹೇಳಿದ ಮೇಲೆ ಒಪ್ಪಿದರು. ಕೈಗೆ ತಗೊಂಡರೆ ತೂಕವೇ ಇಲ್ಲ. ಕಪ್ಪು ದಾರದಲ್ಲಿ ಕಟ್ಟಿ, ಅಚ್ಚ ಬಿಳಿ ಇಳಕಲ್ ಸೀರೆಯ ಮೇಲೆ ಹಾಕಿದೆ. ಮೈಕ್‌ನಲ್ಲಿ ಚಿಕ್ಕ ಸದ್ದೂ ಇಲ್ಲ.

ಆ ದಿನ ಹೂಳಿನ ಬಗ್ಗೆ ಅರ್ಧ ಗಂಟೆ ಮಾತಾಡಿದೆ. 133 ಟಿಎಂಸಿ ಹಿಡಿಯಲು ಕಟ್ಟಿದ ಡ್ಯಾಮು ಈಗ 105 ಟಿಎಂಸಿ ಚಿಲ್ಲರೆಗೆ ಇಳಿದಿದೆ ಅಂತ ಲೆಕ್ಕ ಹೇಳಿದೆ. ಹೊರಗೆ ಬಂದು ಫೋನ್ ನೋಡಿದರೆ ಎಲ್ಲರದೂ ಒಂದೇ ಪ್ರಶ್ನೆ: "ಮೇಡಂ, ಗಿಳಿ ಎಲ್ಲಿ ತಗೊಂಡ್ರಿ?" ಪಕ್ಕದಲ್ಲಿ ಕೂತಿದ್ದವರ ನಾಲ್ಕು ಬೆರಳಿಗೆ ನಾಲ್ಕು ಉಂಗುರವಿತ್ತು. ಅವರನ್ನು ಯಾರೂ ಕೇಳಿರಲಿಕ್ಕಿಲ್ಲ. ಒಂದು ದಿನ ಸಿಟ್ಟು ಬಂದಿದ್ದು ನಿಜ.

ಆಮೇಲೆ ಅಮೆರಿಕದ ಮ್ಯಾಡಲಿನ್ ಆಲ್‌ಬ್ರೈಟ್ ವಿಷಯ ಓದಿದೆ. ಆಕೆ ವಿಶ್ವಸಂಸ್ಥೆಯಲ್ಲಿ ರಾಯಭಾರಿ ಆಗಿದ್ದಾಗ ಸದ್ದಾಂ ಹುಸೇನರ ಇರಾಕಿನ ಪತ್ರಿಕೆಗಳು ಹಾವು ಅಂತ ಬೈದವಂತೆ. ಆಕೆ ಇರಾಕ್ ಕುರಿತ ಸಭೆಗೆ ಹಾವಿನ ಬ್ರೂಚ್, ಅಂದರೆ ಬಟ್ಟೆಗೆ ಚುಚ್ಚಿಕೊಳ್ಳುವ ಪದಕ, ಸಿಕ್ಕಿಸಿಕೊಂಡೇ ಹೋದರು. 2019ರ ಸೆಪ್ಟೆಂಬರ್‌ನಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟಿನಲ್ಲಿ ನ್ಯಾಯಾಧೀಶೆ ಲೇಡಿ ಹೇಲ್ ತೀರ್ಪು ಓದಿದಾಗಲೂ ಅಷ್ಟೇ, ಜನ ಆಕೆಯ ಭುಜದ ಮೇಲಿನ ಜೇಡದ ಬ್ರೂಚ್ ನೋಡಿದರು. ಹೇಗೂ ನೋಡೇ ನೋಡ್ತಾರೆ ಅಂದಮೇಲೆ ಏನು ನೋಡಬೇಕು ಅನ್ನೋದನ್ನು ನಾವೇ ಆರಿಸಬಹುದಲ್ವಾ? ಗಿಳಿ ಕೇಳಿದವರಿಗೆಲ್ಲ ಕಿನ್ನಾಳದ ದಾರಿ ಹೇಳಿ, ಜೊತೆಗೆ ಹೂಳಿನ ಲೆಕ್ಕವನ್ನೂ ಕಳಿಸತೊಡಗಿದೆ.

ದೊಡ್ಡ ಪೆಟ್ಟು ಬಿದ್ದಿದ್ದು ಬೆಂಗಳೂರಿನ ಒಂದು ಸ್ಟುಡಿಯೋದಲ್ಲಿ. ನನ್ನ ಬೆನ್ನ ಹಿಂದೆ ಹಸಿರು ಪರದೆ. ಆ ಹಸಿರನ್ನು ಕಂಪ್ಯೂಟರ್ ಅಳಿಸಿ, ಅಲ್ಲಿ ಬೇರೆ ಚಿತ್ರ ಕೂರಿಸುತ್ತೆ. ನನ್ನ ಗಿಳಿಯೂ ಹಸಿರು! ಎದುರಿನ ಟಿವಿ ನೋಡಿದರೆ ನನ್ನ ಎದೆಯಲ್ಲಿ ಗಿಳಿಯಾಕಾರದ ತೂತು, ಅದರೊಳಗೆ ತುಂಗಭದ್ರೆಯ ನೀರು ಧುಮುಕುತ್ತಿದೆ. ಕೊಕ್ಕು ಮಾತ್ರ ಕೆಂಪಗೆ ಉಳಿದಿತ್ತು. ಜಾಹೀರಾತಿನ ನಡುವೆ ಬಿಚ್ಚಿ ಮಡಿಲಲ್ಲಿ ಇಟ್ಟುಕೊಂಡೆ. ಪಚ್ಚೆ ಹರಳು, ಹಸಿರು ಬಳೆ, ಹಸಿರು ರವಿಕೆ ಎಲ್ಲಕ್ಕೂ ಇದೇ ಗತಿ. ಈಗ ಯಾರಾದರೂ ಕರೆದರೆ ಮೊದಲು ಕೇಳೋದು, "ಪರದೆ ಯಾವ ಬಣ್ಣ?" ಅಂತ.

ಮತ್ತೆ ಕಿನ್ನಾಳಕ್ಕೆ ಹೋಗಿ ನಡೆದದ್ದು ಹೇಳಿದೆ. ಕೆಲಸಗಾರರು ಕುಂಚ ಕೆಳಗಿಟ್ಟು ನಕ್ಕರು.

"ಗಿಳಿನೂ ಗೇಟಿನಂಗ ಕೊಚ್ಕೊಂಡು ಹೋತೇನ್ರೀ ಅಕ್ಕಾರ?"

ಈ ಸಲ ಮಾವಿನಹಣ್ಣು ಮಾಡಿಸಿದೆ. ನಮ್ಮ ಕೊಪ್ಪಳದ ಕೇಸರ್ ಮಾವಿನ ಬಣ್ಣ, ತೊಟ್ಟಿನ ಹತ್ತಿರ ತುಸು ಕೆಂಪು. ಎಲೆ ಬಿಡಿಸಲು ಹೊರಟಿದ್ದರು, ನಾನೇ ಬೇಡ ಅಂದೆ.