ಸುತ್ತುಪೌಳಿ ಸುಟ್ಟ ಮೇಲೆ: ಒಂದು ದೇವಸ್ಥಾನ ಮತ್ತೆ ಎದ್ದ ಬಗೆ

ಕರಾವಳಿಯ ಹಳೆಯ ದೇವಸ್ಥಾನಗಳ ಜೀರ್ಣೋದ್ಧಾರ ನನ್ನ ಕಸುಬು. ಓದಿದ್ದು ಸಿವಿಲ್ ಇಂಜಿನಿಯರಿಂಗ್, ಕೆಲಸ ಕಲಿತದ್ದು ಆಚಾರಿಗಳ ಹತ್ತಿರ. ಬೆಂಕಿಗೆ ಸಿಕ್ಕ ದೇವಸ್ಥಾನದ ಕೆಲಸ ಬಂದದ್ದು ದಕ್ಷಿಣ ಕನ್ನಡದ ಒಳಗಿನ ಒಂದು ಊರಿಂದ. ಹೆಸರು ಬೇಡ.

ನಮ್ಮ ಕಡೆ ನಡುವೆ ಗರ್ಭಗುಡಿ, ಎದುರು ತೀರ್ಥಮಂಟಪ, ಸುತ್ತ ಸುತ್ತುಪೌಳಿ, ಅಂದರೆ ನಾಲ್ಕೂ ಬದಿಗೆ ಸುತ್ತುವ ಮಾಡಿನ ಕಟ್ಟಡ. ಗೋಡೆ ಮುರಕಲ್ಲಿನದು (ಕೆಂಪು ಜಂಬಿಟ್ಟಿಗೆ), ಕಂಬ ಶಿಲೆಯದು, ಮೇಲೆ ಮಾಡು, ಅಂದರೆ ಛಾವಣಿ: ಇಳಿಜಾರಾಗಿ ಹಾಕಿದ ಮರದ ಪಕ್ಕಾಸು, ಅದರ ಮೇಲೆ ಅಡ್ಡ ಪಟ್ಟಿಯ ರೀಪು, ಅದರ ಮೇಲೆ ಹೆಂಚು ಅಥವಾ ತಾಮ್ರ. ಕೆಳಗಿಂದ ನೋಡಿದರೆ ಚಂದದ ಮರದ ಮುಚ್ಚಿಗೆ. ಆ ಮುಚ್ಚಿಗೆಗೂ ಮಾಡಿಗೂ ನಡುವೆ ಒಬ್ಬ ಆಳು ತೆವಳುವಷ್ಟು ಜಾಗ ಇರುತ್ತದೆ. ಒಣಮರ, ಜೇಡರ ಬಲೆ, ಹಕ್ಕಿಗೂಡು, ಹಳೇ ವೈರು ಎಲ್ಲ ಅಲ್ಲೇ. ಪೌಳಿಯ ಮಾಡು ಎಲ್ಲೂ ಕಡಿಯದೆ ಸುತ್ತುವುದರಿಂದ ಒಂದು ಮೂಲೆಯ ಬೆಂಕಿ ಒಳಗಿಂದೊಳಗೇ ಓಡುತ್ತದೆ. ಕೇರಳದ ಗುರುವಾಯೂರು ದೇವಸ್ಥಾನದಲ್ಲಿ 1970ರ ನವೆಂಬರ್ 30ರಂದು ಬೆಂಕಿ ಬಿದ್ದದ್ದು ಪಡುವಣ ಪೌಳಿಗೆ. ಸಾವಿರಾರು ಹಣತೆ ಜೋಡಿಸಿದ ಮರದ ಚೌಕಟ್ಟು, ವಿಳಕ್ಕುಮಾಡವೂ ಹೋಯಿತು. ಪುಣ್ಯಕ್ಕೆ ಗರ್ಭಗುಡಿ ಉಳಿಯಿತು.

ಇಲ್ಲಿಯೂ ಗರ್ಭಗುಡಿ ಉಳಿದಿತ್ತು. ಬೆಂಕಿ ಶುರುವಾದದ್ದು ಉಗ್ರಾಣದ ಮೇಲೆ. ಜಾತ್ರೆಯ ಸೀರಿಯಲ್ ಲೈಟಿಗೆ ಟೇಪ್ ಸುತ್ತಿ ಜೋಡಿಸಿದ ವೈರು ಪಕ್ಕಾಸಿನ ಮೇಲೆ ಹೋಗಿತ್ತು. ಕೆಳಗೆ ಎಣ್ಣೆ ಡಬ್ಬ, ಹಳೇ ಬಟ್ಟೆ, ತೆಂಗಿನ ಗರಿ. ಅಗ್ನಿಶಾಮಕದವರು ಬೇಗ ಬಂದರೂ ದ್ವಾರದೊಳಗೆ ಗಾಡಿ ಹೋಗಲಿಲ್ಲ. ಪೈಪ್ ಎಳೆದು ನೀರು ಬಿಟ್ಟರೆ ತಾಮ್ರದ ಹೊದಿಕೆಯ ಮೇಲಿಂದ ಜಾರಿ ಅಂಗಳಕ್ಕೆ ಬಿತ್ತು. ಮಳೆ ತಡೆಯಲು ಹಾಕಿದ ತಾಮ್ರ ಆ ನೀರನ್ನೂ ತಡೆಯಿತು, ಅಷ್ಟೆ. ಅಂಚಿನ ತಗಡು ಎಬ್ಬಿಸಿದ ಮೇಲೆಯೇ ನೀರು ಒಳಗೆ ಹೋದದ್ದು.

ನಾನು ಹೋಗುವಾಗ ಜೆಸಿಬಿ ಬಂದು ನಿಂತಿತ್ತು. ಮೊದಲು ಮಾಡಿದ ಕೆಲಸ ಅದನ್ನು ವಾಪಸ್ ಕಳಿಸಿದ್ದು. ಬೆಂಕಿ ಹೋದ ಮೇಲೆ ಜಾಸ್ತಿ ಹಾಳಾಗುವುದು ಅವಸರದಿಂದ. ಕಪ್ಪಾದದ್ದೆಲ್ಲ ಹೋದದ್ದಲ್ಲ. ದಪ್ಪ ತೊಲೆ ನಿಮಿಷಕ್ಕೆ ಅರ್ಧದಿಂದ ಮುಕ್ಕಾಲು ಮಿಲಿಮೀಟರಿನಷ್ಟು ಮಾತ್ರ ಉರಿಯುತ್ತದೆ, ಮೇಲಿನ ಇದ್ದಿಲೇ ಒಳಗಿನ ಮರವನ್ನು ಕಾಯುತ್ತದೆ. ಆಚಾರಿಯೊಬ್ಬರು ಬಾಚಿ ಹಿಡಿದು ಒಂದು ತೊಲೆ ಕೆತ್ತುತ್ತಾ ಹೋದರು. ಇದ್ದಿಲು ಪುಡಿಪುಡಿಯಾಗಿ ಉದುರಿತು, ಆಮೇಲೆ ಕಂದು ಪದರ, ಅದರ ಕೆಳಗೆ ಹೆಬ್ಬಲಸಿನ ಹಳದಿ ಮರ. ಎಂಟು ಇಂಚಿನ ತೊಲೆಯಲ್ಲಿ ಗಟ್ಟಿ ಮರ ಐದು ಇಂಚಿಗೂ ಮಿಕ್ಕಿ ಇತ್ತು. ತೆಳ್ಳಗಿನ ಪಕ್ಕಾಸು, ರೀಪು ಮಾತ್ರ ಒಂದೂ ಕೆಲಸಕ್ಕೆ ಬರಲಿಲ್ಲ.

ಕಲ್ಲು ಇದಕ್ಕೆ ಉಲ್ಟಾ. ನೋಡಲು ಗಟ್ಟಿ, ಒಳಗೆ ಬಿರುಕು. ಶಿಲೆಯೊಳಗಿನ ಸ್ಫಟಿಕ (ಕ್ವಾರ್ಟ್ಜ್) ಸುಮಾರು 573 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇದ್ದಕ್ಕಿದ್ದಂತೆ ಹಿಗ್ಗುತ್ತದೆ. ಕಾದ ಕಲ್ಲಿಗೆ ತಣ್ಣೀರು ಬಿದ್ದರಂತೂ ಚಕ್ಕೆ ಎದ್ದೇ ಏಳುತ್ತದೆ. ಮಧುರೆ ಮೀನಾಕ್ಷಿ ದೇವಸ್ಥಾನದಲ್ಲಿ 2018ರ ಫೆಬ್ರವರಿ 2ರ ರಾತ್ರಿ ಬೆಂಕಿ ಬಿದ್ದಾಗ ವೀರವಸಂತರಾಯ ಮಂಟಪದ ಕಲ್ಲಿನ ಮಾಡೇ ಕುಸಿಯಿತು. ಕಲ್ಲಿಗೆ ಬೆಂಕಿ ಏನು ಮಾಡೀತು ಅನ್ನುವವರಿಗೆ ನಾನು ಅದನ್ನೇ ಹೇಳುವುದು. ನಾವು ಪ್ರತಿ ಕಂಬಕ್ಕೂ ಮರದ ಕೊಡತಿಯಿಂದ ಬಡಿದು ನೋಡಿದೆವು. ಒಳ್ಳೇ ಕಲ್ಲು ಟಣ್ ಅನ್ನುತ್ತದೆ, ಒಡೆದದ್ದು ಡಬ್ ಅನ್ನುತ್ತದೆ. ಡಬ್ ಅಂದ ಕಂಬಗಳ ಭಾರವನ್ನು ಊರೆಗೋಲಿಗೆ ಕೊಟ್ಟು ಒಂದೊಂದಾಗಿ ಬದಲಿಸಿದೆವು.

ಮಸಿಯ ವಿಷಯದಲ್ಲಿ ಊರವರ ಜೊತೆ ಸ್ವಲ್ಪ ಜಗಳವೇ ಆಯಿತು. ಎಲ್ಲರಿಗೂ ನೀರು ಹಾಕಿ ತೊಳೆಯುವ ಆಸೆ. ಒದ್ದೆಯಾದರೆ ಮಸಿ ಕೆತ್ತನೆಯೊಳಗೆ ಇಳಿದು ಕೂರುತ್ತದೆ. ಮೊದಲು ಮೆತ್ತಗಿನ ಬ್ರಷ್, ವ್ಯಾಕ್ಯೂಮ್, ಎಲ್ಲ ಒಣಗಿದ್ದಾಗಲೇ. ನೀರು ಕುಡಿದ ಮುರಕಲ್ಲು ಗೋಡೆಗೆ ಒಂದು ಬೇಸಿಗೆ ಪೂರ್ತಿ ಗಾರೆ ಹಾಕಲು ಬಿಡಲಿಲ್ಲ. ಆಮೇಲೆ ಹಾಕಿದ್ದೂ ಸುಣ್ಣದ ಗಾರೆ, ಸಿಮೆಂಟ್ ಅಲ್ಲ.

ದೇವರು ಅಷ್ಟರಲ್ಲಿ ಬಾಲಾಲಯದಲ್ಲಿ, ಅಂದರೆ ಕೆಲಸ ಮುಗಿಯುವ ತನಕದ ತಾತ್ಕಾಲಿಕ ಗುಡಿಯಲ್ಲಿದ್ದರು. ಸುಟ್ಟ ಮರ ಮತ್ತೆ ದೇವರ ಮೇಲೆ ಬರಬಾರದು ಎಂದು ತಂತ್ರಿಗಳು ಖಡಾಖಂಡಿತ ಹೇಳಿದರು. ಗಟ್ಟಿಯಿದೆ ಎಂದು ನಾನು ಅಳತೆ ತೋರಿಸಿದೆ. “ಗಟ್ಟಿ ಇದೆ ಸ್ವಾಮಿ, ಒಪ್ಪಿದೆ. ಹಾಗಾದರೆ ಊಟದ ಛತ್ರಕ್ಕೆ ಹಾಕಿ” ಅಂದರು. ಹಾಗೇ ಮಾಡಿದೆವು. ಪೌಳಿಗೆ ಹೊಸದಾಗಿ ಹೆಬ್ಬಲಸು, ಬೋಗಿ ಮರ ತಂದು ಒಣಗಿಸಿದೆವು.

ಎಲ್ಲಕ್ಕಿಂತ ಕಷ್ಟವಾದದ್ದು ಮೊದಲು ಹೇಗಿತ್ತು ಅಂತ ಗೊತ್ತುಮಾಡುವುದು. ಒಂದು ನಕ್ಷೆಯೂ ಇರಲಿಲ್ಲ. ಪ್ಯಾರಿಸ್ಸಿನ ನೋತ್ರ್ ದಾಮ್ ಚರ್ಚಿಗೆ 2019ರ ಏಪ್ರಿಲ್ 15ರಂದು ಬೆಂಕಿ ಬೀಳುವ ಮೊದಲೇ ಲೇಸರ್ ಅಳತೆ ಆಗಿತ್ತು, ಮತ್ತೆ ಕಟ್ಟುವಾಗ ಅದು ಕೈಹಿಡಿಯಿತು. ನಮಗೆ ಕೈಹಿಡಿದದ್ದು ಮದುವೆ ಆಲ್ಬಂ. ಊರಿನ ಮನೆಮನೆಯಿಂದ ಆಲ್ಬಂ ತರಿಸಿ, ವಧೂವರರ ತಲೆಯ ಹಿಂದೆ ಕಾಣುವ ಮುಚ್ಚಿಗೆಯ ಹೂವು, ಬಳ್ಳಿ ನೋಡಿ ಗೆರೆ ಎಳೆದೆವು. ಆವತ್ತಿನಿಂದ ಯಾವ ದೇವಸ್ಥಾನದ ಕೆಲಸ ಹಿಡಿದರೂ ಮೊದಲು ಅಳತೆ, ಫೋಟೋ, ಅದರ ಒಂದು ಪ್ರತಿ ದೇವಸ್ಥಾನದ ಹೊರಗೆ.

ಹೊಸ ಪೌಳಿಯಲ್ಲಿ ಹೊರಗೆ ಕಾಣದ ಒಂದು ಬದಲಾವಣೆ ಮಾಡಿದ್ದೇವೆ. ನಾಲ್ಕೂ ಮೂಲೆಯಲ್ಲಿ ಮುರಕಲ್ಲಿನ ಅಡ್ಡಗೋಡೆಯನ್ನು ಮುಚ್ಚಿಗೆ ದಾಟಿಸಿ ಮಾಡಿನವರೆಗೆ ಏರಿಸಿದ್ದೇವೆ. ಬೆಂಕಿ ಬಿದ್ದರೆ ಒಂದು ಬದಿ ಹೋದೀತು, ನಾಲ್ಕೂ ಅಲ್ಲ. ಅಟ್ಟದಲ್ಲಿ ವೈರೇ ಇಲ್ಲ. ಇರುವುದು ಶಾಖ ಗುರುತಿಸುವ ಕೇಬಲ್ ಒಂದೇ. ಹೊಗೆ ಗುರುತಿಸುವ ಸಾಧನ ಹೋಮ, ಧೂಪ ಇರುವಲ್ಲಿ ಸುಮ್ನೆ ಕೂಗುತ್ತದೆ, ನಾಲ್ಕು ದಿನದಲ್ಲಿ ಯಾರಾದರೂ ಆಫ್ ಮಾಡುತ್ತಾರೆ. ಅಲಾರಂ ಬೋರ್ಡಿನಲ್ಲಿ ನಂಬರ್ ಬದಲು ‘ಉಗ್ರಾಣದ ಮೇಲೆ’, ‘ನೈವೇದ್ಯ ಕೋಣೆ ಮೇಲೆ’ ಎಂದು ಬರೆಸಿದೆ. ನೋತ್ರ್ ದಾಮಿನಲ್ಲಿ ಅಲಾರಂ ಹೊಡೆದರೂ ಕಾವಲಿನವರು ಮೊದಲು ಹೋಗಿ ನೋಡಿದ್ದು ಬೇರೆಯೇ ಅಟ್ಟವನ್ನು. ಬೆಲೆಬಾಳುವ ಅರ್ಧ ಗಂಟೆ ಅಲ್ಲೇ ಹೋಯಿತು. ರಾತ್ರಿ ಕಾವಲಿಗೆ ಇರುವವರು ಓದಿದ ಕೂಡಲೇ ಓಡಬೇಕು, ಅಲ್ವಾ?

ಕೆರೆಯ ಮೆಟ್ಟಿಲ ಹತ್ತಿರ ಒಂದು ಡೀಸೆಲ್ ಪಂಪ್ ಇದೆ. ಪ್ರತಿ ಸಂಕ್ರಮಣಕ್ಕೆ ಊರಿನ ಹುಡುಗರು ಅದನ್ನು ಚಾಲೂ ಮಾಡಿ ಅಂಗಳ ತೊಳೆಯುತ್ತಾರೆ. ತೊಳೆಯುವುದು ನೆಪ, ಪೈಪ್ ಹಿಡಿಯುವ ಅಭ್ಯಾಸ ಆಗುತ್ತದೆ. ಬೆಂಕಿ ತಡೆಯುವ ಪೇಂಟ್ ಮಾರಲು ಬಂದವರಿಗೆ ಬೇಡ ಅಂದೆ. ಎಣ್ಣೆ ಹೊಗೆ ಹತ್ತಿದ ಮರಕ್ಕೆ ಅದು ಹಿಡಿದು ನಿಲ್ಲುತ್ತದೆ ಎಂಬ ನಂಬಿಕೆ ನನಗಿಲ್ಲ.

ಜಾತ್ರೆಯ ಲೈಟಿಗೆ ಈಗ ಹೊರಾಂಗಣದಲ್ಲಿ ಬೇರೆಯೇ ಬೋರ್ಡ್, ಬೇರೆ ಟ್ರಿಪ್ಪರ್. ಮಾಡಿಗೆ ವೈರು ಕಟ್ಟುವಂತಿಲ್ಲ, ಬಿದಿರಿನ ಕಂಬಕ್ಕೇ ಕಟ್ಟಬೇಕು. ಮೊದಲಿನ ಚಂದ ಇಲ್ಲ ಎಂದು ಲೈಟಿನವರು ಪ್ರತಿ ವರ್ಷ ತಕರಾರು ತೆಗೆಯುತ್ತಾರೆ, ಮೊಕ್ತೇಸರರು ಪ್ರತಿ ವರ್ಷ ನನಗೆ ಫೋನ್ ಮಾಡುತ್ತಾರೆ, ನಾನು ಪ್ರತಿ ವರ್ಷ ಆಗುವುದಿಲ್ಲ ಅನ್ನುತ್ತೇನೆ.